ನಾಲಿಗೆ ಸಾಹೇಬರ ಗಮ್ಮಿ

ಮಿಠಾಯಿ ಕಾರ್ಖಾನೆಯಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದುದು ನಾಲಿಗೆ ಸಾಹೇಬರು ಎಂದೇ. ಪೆಪ್ಪರಮಿಂಟು, ಟಾಫಿ, ಜೆಲ್ಲಿ, ಯಾವುದೇ ಇರಲಿ, ಅವರ ಬಾಯಲ್ಲಿ ಪಾಸಾಗದೆ ಡಬ್ಬಿ ಸೇರುವಂತಿರಲಿಲ್ಲ. ಸಕ್ಕರೆ ಪಾಕ ಒಂದು ಚೂರು ಹೆಚ್ಚು ಕಾದಿದ್ದರೂ ಕಣ್ಣು ಮುಚ್ಚಿಕೊಂಡೇ ಹೇಳಿಬಿಡುತ್ತಿದ್ದರು. ಹೆಂಡತಿಗೆ ಈ ಬಗ್ಗೆ ಹೆಮ್ಮೆ ಇರಲಿಲ್ಲವೆಂದಲ್ಲ. ಆದರೆ ಆ ನಾಲಿಗೆ ಸಂಜೆ ಮನೆಗೂ ಬರುತ್ತಿತ್ತಲ್ಲ, ಅದೇ ತಾಪತ್ರಯ.

ಬಂದು ಕೋಟನ್ನು ಗೂಟಕ್ಕೆ ಸಿಕ್ಕಿಸಿ ಕೂತರೆ ಭುಜಗಳೆರಡೂ ಕಿವಿಯ ಹತ್ತಿರ ಏರಿರುತ್ತಿದ್ದವು. ದವಡೆ ಬಿಗಿದುಕೊಂಡಿರುತ್ತಿತ್ತು. ಸೂಪಿನ ಮೊದಲ ಚಮಚಕ್ಕೇ ಮೂಗಿನ ಪಕ್ಕ ಒಂದು ಗೆರೆ ಮೂಡುತ್ತಿತ್ತು. ಬಾಯಿಬಿಟ್ಟು ಬೈದವರಲ್ಲ, ಪಾಪ. ಆ ಗೆರೆಯೇ ಸಾಕಿತ್ತು. ಅದನ್ನು ಕಂಡೂ ಕಾಣದಂತೆ ಇರುವುದನ್ನು ಹೆಂಡತಿ ಎಂದೋ ಕಲಿತಿದ್ದಳು. ಮಗಳು ಕಲಿಯಲಿಲ್ಲ. ಹೊಸದಾಗಿ ಬಾಡಿಗೆ ಮನೆ ಹಿಡಿದು, ಅಪ್ಪ ಅಮ್ಮನನ್ನು ಕರೆದು, ಗೆಳತಿಯರ ಮುಂದೆ ತಾನೇ ಮಾಡಿದ ಅಡುಗೆ ಬಡಿಸಿದಾಗ ಆ ಗೆರೆ ಮೂಡಿತು. ಜೊತೆಗೆ "ಬೆಣ್ಣೆ ಹಳೇದು" ಎಂಬ ಮಾತೂ ಬಿತ್ತು. ಅಂದಿನಿಂದ ಅವಳು ಹೆತ್ತವರ ಮನೆ ಕಡೆ ತಲೆ ಹಾಕಿರಲಿಲ್ಲ.

ಈಗ ಫೋನು ಬಂದಿತ್ತು. "ಭಾನುವಾರ ಮಧ್ಯಾಹ್ನ ಊಟಕ್ಕೆ ಬನ್ನಿ ಅಮ್ಮ. ಆದ್ರೆ ಇದೇ ಕೊನೇ ಸಲ, ನೋಡು. ಅಪ್ಪ ಮತ್ತೆ ಆ ಮುಖ ಮಾಡಿದ್ರೆ ನಾನು ಇನ್ಯಾವತ್ತೂ ಕರೆಯಲ್ಲ."

ಮಗಳದು ಅಪ್ಪನದೇ ಹಟ. ಅಂದದ್ದನ್ನು ಮಾಡಿ ತೋರಿಸುವವಳು.

ಬೀದಿ ಕೊನೆಯ ಔಷಧಿ ಅಂಗಡಿಯಾಕೆಯ ಮುಂದೆ ತಾಯಿ ಕಷ್ಟ ಹೇಳಿಕೊಂಡಳು. ಆಕೆ ಕಪಾಟಿನಿಂದ ಒಂದು ಪುಟ್ಟ ಶೀಶೆ ತೆಗೆದಳು. ಒಳಗೆ ಹಳದಿ ಗಮ್ಮಿಗಳು, ಜೆಲ್ಲಿಯಂಥ ಮೆತ್ತನೆ ಮಿಠಾಯಿ.

"ಹೆಂಪ್ ಗಿಡದ್ದು ಅಮ್ಮಾ. ಭಂಗಿಗೆ ದಾಯಾದಿ ಅನ್ನಿ. ಆದ್ರೆ ಇದು ಮರ್ಯಾದಸ್ಥ, ತಲೆಗೇರಲ್ಲ, ಮೈ ಬಿಗಿ ಮಾತ್ರ ಸಡಿಲ ಮಾಡುತ್ತೆ. ಸಂಜೆ ಅರ್ಧ ಕೊಡಿ, ಆಮೇಲೆ ಒಂದು ಗಂಟೆ ಕಾಯಿರಿ. ಬೇರೆ ಮಾತ್ರೆ ಏನಾದ್ರೂ ತಗೋತಾರಾ?"

"ಮಾತ್ರೆನಾ? ಮೇಲಿನ ಸಕ್ಕರೆ ಸರಿ ಇಲ್ಲಾಂತ ಮುಟ್ಟೋದೇ ಇಲ್ಲ."

ಗಂಡನಿಗೆ ಎಲ್ಲವನ್ನೂ ಹೇಳಿಯೇ ಕೊಟ್ಟಳು. ಕದ್ದುಮುಚ್ಚಿ ತಿನ್ನಿಸುವ ಬುದ್ಧಿ ಅವಳದಲ್ಲ. ಸಾಹೇಬರೂ ಒಪ್ಪಿದರು. ತಮ್ಮ ಕಸುಬಿನದೇ ಸಾಮಾನು, ಕುತೂಹಲ ಬೇರೆ. ಅರ್ಧ ಗಮ್ಮಿ ಬಾಯಿಗೆ ಹಾಕಿಕೊಂಡು ವರಾಂಡದ ಕುರ್ಚಿಗೆ ಹೋದರು. ಗಂಟೆ ಕಳೆಯಿತು, ಭುಜ ಇದ್ದಲ್ಲೇ ಇತ್ತು. ಮರುದಿನವೂ ಅದೇ ಕಥೆ. ಅದರ ಮರುದಿನ ಹೆಂಡತಿ ಅಂಗಡಿಯಾಕೆಯನ್ನು ಮನಸ್ಸಿನಲ್ಲೇ ಚೆನ್ನಾಗಿ ಬೈದುಕೊಂಡಳು.

ಶುಕ್ರವಾರ ಸಂಜೆ ಒಗೆದ ಬಟ್ಟೆ ತರಲೆಂದು ಅವಳು ವರಾಂಡಕ್ಕೆ ಹೋದಳು. ಸಾಹೇಬರು ಕಣ್ಣು ಮುಚ್ಚಿ ಅಗಿಯುತ್ತಿದ್ದರು. ಆ ಕಡೆ ಹೊರಳಿಸಿದರು, ಈ ಕಡೆ ಹೊರಳಿಸಿದರು. ಬಳಿಕ ಮುಂದಕ್ಕೆ ಬಾಗಿ, ಹೂಕುಂಡದ ಬದಿಯಲ್ಲಿಟ್ಟಿದ್ದ ಬಟ್ಟಲಿಗೆ ಅಚ್ಚುಕಟ್ಟಾಗಿ ಉಗಿದರು. ಒಂದು ಗುಟುಕು ನೀರು ಮುಕ್ಕಳಿಸಿ, "ನಿಂಬೆ ಎಣ್ಣೆ ಅಗ್ಗದ್ದು" ಎಂದು ತಮ್ಮಷ್ಟಕ್ಕೇ ತೀರ್ಪು ಕೊಟ್ಟರು.

"ರೀ! ಯಾಕ್ರೀ ಉಗಿದ್ರಿ?"

"ಮತ್ತೆ? ಮಿಠಾಯೀನ ಯಾರಾದ್ರೂ ನುಂಗ್ತಾರೇನೇ?"

ಕಾರ್ಖಾನೆಯಲ್ಲಿ ರುಚಿ ನೋಡುವವರ ಕಾಲ ಬಳಿ ಒಂದು ಬಕೆಟ್ಟು ಇರುತ್ತದೆ. ದಿನವಿಡೀ ಸಕ್ಕರೆ ನುಂಗುತ್ತಾ ಕೂತರೆ ಬದುಕುವುದುಂಟೆ? ಅಗಿ, ಉಗಿ, ಮುಕ್ಕಳಿಸು. ಜೀವಮಾನದ ಅಭ್ಯಾಸ. ಹೆಂಡತಿ ಬಟ್ಟೆಯ ರಾಶಿಯನ್ನು ತಬ್ಬಿಕೊಂಡೇ ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. "ಊರೆಲ್ಲಾ ನುಂಗುತ್ತೆ ಕಣ್ರೀ! ಹೊಟ್ಟೆಗೆ ಹೋಗದೆ ಅದಾದ್ರೂ ಏನು ಮಾಡುತ್ತೆ?"

ಇನ್ನರ್ಧ ನುಂಗಲು ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಗಂಟಲು ಒಪ್ಪಲೊಲ್ಲದು. ಕೊನೆಗೆ ಔಷಧಿ ಕುಡಿಯುವ ಮಗುವಿನಂತೆ ಕಣ್ಣು ಬಿಗಿಯಾಗಿ ಮುಚ್ಚಿ ಗುಳುಂ ಮಾಡಿದರು.

ಹೊತ್ತು ಮುಳುಗುವಷ್ಟರಲ್ಲಿ ಭುಜಗಳು ಇಳಿದವು. ಅಮಲಿಲ್ಲ, ಬಡಬಡಿಕೆಯಿಲ್ಲ. ದವಡೆ ಸಡಿಲಾಯಿತು, ಕಾಲುಗಳು ಸ್ಟೂಲಿನ ಮೇಲೆ ಚಾಚಿಕೊಂಡವು. ಇಷ್ಟೇ ಇಷ್ಟು ಹಳದಿ ಚೂರಿಗೆ ಎಷ್ಟು ಜಾಣ್ಮೆ ಎಂದು ಹೆಂಡತಿ ಬೆರಗಾಗಿ ನೋಡುತ್ತ ಕೂತಳು. ಮದುವೆಯ ಹೊಸತರಲ್ಲಿ ಕಂಡಿದ್ದ ಮುಖ ಇದು.

"ನಂಗೆ ಸಂಬಳ ಕೊಡೋದೇ ತಪ್ಪು ಹುಡುಕೋಕೆ ಕಣೇ," ಎಂದರು ಸಾಹೇಬರು ನಿಧಾನವಾಗಿ. "ಚೆನ್ನಾಗಿದ್ರೆ ಹೇಳೋಕೇನಿರುತ್ತೆ, ಸುಮ್ನೆ ಮುಂದಕ್ಕೆ ತಳ್ತೀನಿ. ಅವತ್ತು ಮಗಳ ಅಡುಗೇಲಿ ಬೆಣ್ಣೆ ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ಚೆನ್ನಾಗಿತ್ತು. ಅದನ್ನ ಹೇಳಬೇಕು ಅಂತ ಹೊಳೀಲೇ ಇಲ್ಲ ನೋಡು."

ಹೆಂಡತಿ ಒಳಗೊಳಗೇ ಲೆಕ್ಕ ಹಾಕಿದಳು. ಇಷ್ಟು ವರ್ಷ ತನ್ನ ಎಷ್ಟು ಸೂಪುಗಳು ಹೀಗೆ ಮಾತಿಲ್ಲದೆ ಪಾಸಾಗಿದ್ದವೋ!

ಭಾನುವಾರ ಹೊರಡುವ ಮುಂಚೆ ಅವಳು ಅರ್ಧ ಗಮ್ಮಿ ಕತ್ತರಿಸಿ ಮುಂದೆ ಹಿಡಿದಳು.

"ಅದು ಸಂಜೆಗೆ ಕಣೇ. ಇವತ್ತು ನಾನೆಲ್ಲಿ ಕೆಲಸಕ್ಕೆ ಹೋಗಿದ್ದೆ?"

ಅವಳಿಗೆ ಮಗಳ ಮಾತು ನೆನಪಾಯಿತು. ಆದರೂ ಒತ್ತಾಯ ಮಾಡಲಿಲ್ಲ.

ಮಗಳು ಮೀನು, ಆಲೂಗಡ್ಡೆ ಬೇಯಿಸಿದ್ದಳು. ಅಪ್ಪನಿಗೂ ಅಮ್ಮನಿಗೂ ಬಡಿಸಿ, ಸೌಟು ಹಿಡಿದು ಮೇಜಿನ ಪಕ್ಕದಲ್ಲೇ ನಿಂತಳು. ಕಣ್ಣು ಅಪ್ಪನ ಮೂಗಿನ ಮೇಲೆ. ತಾಯಿ ಒಂದು ತುತ್ತು ಬಾಯಿಗಿಟ್ಟಳು, ಕೆಟ್ಟೆ ಅಂದುಕೊಂಡಳು. ಉಪ್ಪು ಮುಂದಾಗಿತ್ತು, ಯಾರ ನಾಲಿಗೆಗಾದರೂ ತಿಳಿಯುವಷ್ಟು.

ಸಾಹೇಬರು ತಿಂದರು. ಇನ್ನೊಂದು ತುತ್ತು ತೆಗೆದುಕೊಂಡರು. ಮೀನಿನ ಮುಳ್ಳು ಬಿಡಿಸಿದರು, ಬ್ರೆಡ್ಡಿನ ಚೂರಿನಿಂದ ತಟ್ಟೆಯ ಅಂಚನ್ನು ಒರೆಸಿ ಅದನ್ನೂ ಬಾಯಿಗಿಟ್ಟರು. ಮಗಳಿಗೆ ತಡೆಯಲಾಗಲಿಲ್ಲ.

"ಹೇಳಿಬಿಡು ಅಪ್ಪ. ಏನು ತಪ್ಪಾಗಿದೆ?"

ಅವರು ತಲೆಯೆತ್ತಿ ಮಗಳನ್ನು ನೋಡಿದರು. ನಿಜಕ್ಕೂ ಯೋಚಿಸಿದರು.

"ನೋಡಲಿಲ್ಲ ಮಗಳೇ," ಎಂದರು. "ಊಟ ಮಾಡ್ತಿದ್ದೆ."

ಮಗಳು ಅಪ್ಪನ ಪಕ್ಕದ ಕುರ್ಚಿ ಎಳೆದುಕೊಂಡು ತನ್ನ ತಟ್ಟೆಗೂ ಬಡಿಸಿಕೊಂಡಳು.