ಹಕ್ಕಲಿನ ಪಾಲು

"ಅರ್ಧ ನಿಮಗ, ಅರ್ಧ ಹೊಲಕ್ಕ. ಒಪ್ಪಿಗಿ ಇದ್ರ ಇಳೀರಿ" ಅಂದಳು ಶಾಂಭವಿ.

ಬದುವಿನ ಮೇಲೆ ಬಿದಿರಿನ ಪುಟ್ಟಿ ಹಿಡಿದು ನಿಂತಿದ್ದ ಹೆಂಗಸರು ಹುಡುಗಿಯನ್ನು ಬಿಟ್ಟು ಅವಳ ತಾತ ಏಕಾಂತಪ್ಪನ ಮುಖ ನೋಡಿದರು. ಏಕಾಂತಪ್ಪ ಬೇವಿನ ಮರ ನೋಡತೊಡಗಿದ. ಮರದಲ್ಲಿ ನೋಡುವಂಥದ್ದು ಏನೂ ಇರಲಿಲ್ಲ, ಪಾಪ.

ಶೇಂಗಾ ಕಿತ್ತು ಬಳ್ಳಿ ಸಾಗಿಸಿದ ಮೇಲೆ ಮಣ್ಣಿನಲ್ಲಿ ಒಂದಿಷ್ಟು ಕಾಯಿ ಉಳಿದೇ ಉಳಿಯುತ್ತದೆ. ಅದೇ ಹಕ್ಕಲು. ಏಕಾಂತಪ್ಪನ ಅಪ್ಪನ ಕಾಲದಿಂದಲೂ ಆ ಹೊಲದಲ್ಲಿ ಹಕ್ಕಲು ಹೊಲದವರದಲ್ಲ. ಹೊಲ ಇಲ್ಲದವರು ಬಂದು ಕೆದರಿ ಆಯ್ದುಕೊಂಡು ಹೋಗುವುದು. ಯಾರನ್ನೂ ಕೇಳುವ ಮಾತೇ ಇಲ್ಲ. ದ್ಯಾಮಕ್ಕ ಮದುವೆಯಾಗಿ ಊರಿಗೆ ಬಂದ ವರ್ಷದಿಂದ ಬರುತ್ತಿದ್ದಾಳೆ. ಈಗ ಬೆನ್ನು ಬಾಗಿದೆ, ಹಕ್ಕಲು ಆಯುವುದಕ್ಕೆ ಬಗ್ಗುವ ತ್ರಾಸವೇ ತಪ್ಪಿತು ಅಂತ ತಾನೇ ನಗುತ್ತಾಳೆ. ಅವಳ ಮನೆಯ ವರ್ಷದ ಚಟ್ನಿಪುಡಿ, ಹಬ್ಬದ ಹೋಳಿಗೆ ಎಲ್ಲ ಈ ಕಾಯಿಯಲ್ಲೇ ಆಗಬೇಕು.

ಆದರೆ ಈ ಸಲ ಏಕಾಂತಪ್ಪನ ಬಾಯಿಗೆ ಬೀಗ. ಅವನ ಮಗ ಸೋಮಶೇಖರ ಕಾನಹೊಸಹಳ್ಳಿಯಲ್ಲಿ ಗೊಬ್ಬರದ ಅಂಗಡಿ ಇಟ್ಟವನು. ಒಕ್ಕಲುತನದಲ್ಲಿ ಏನೂ ಗಿಟ್ಟುವುದಿಲ್ಲ, ಹೊಲವನ್ನೆಲ್ಲ ಲಾವಣಿಗೆ ಕೊಟ್ಟು ವರ್ಷದ ಗುತ್ತಿಗೆ ಹಣ ತಗೊಂಡು ಸುಮ್ಮನಿರೋಣ ಅಂತ ಪಟ್ಟು ಹಿಡಿದಿದ್ದ. ಡಿಗ್ರಿ ಓದುವ ಅವನ ಮಗಳು ಶಾಂಭವಿ ಅಡ್ಡ ನಿಂತಳು. ಒಂದು ಎಕರೆ ನನ್ನ ಕೈಗೆ ಕೊಡ್ರಿ, ಲಾಭ ಮಾಡಿ ತೋರಿಸದಿದ್ದರೆ ಉಳಿದದ್ದನ್ನು ಕೊಟ್ಟುಬಿಡ್ರಿ ಅಂದಳು. ಏಕಾಂತಪ್ಪ ಎಲ್ಲರ ಎದುರಿಗೆ ಮಾತು ಕೊಟ್ಟ: ಲಾಭವೂ ನಿಂದು, ಲುಕ್ಸಾನೂ ನಿಂದು, ನಾನು ನಡುವೆ ಬಾಯಿ ಹಾಕುವುದಿಲ್ಲ.

ಹುಡುಗಿ ಸುಮ್ಮನೆ ಮಾಡಲಿಲ್ಲ, ಭೇಷಾಗಿ ಮಾಡಿದಳು. ಬೀಜಕ್ಕೆ ನಾಲ್ಕು ಕಡೆ ವಿಚಾರಿಸಿದಳು, ಟ್ರ್ಯಾಕ್ಟರಿನವನ ಹತ್ತಿರ ಬಾಡಿಗೆ ಜಗ್ಗಾಡಿದಳು, ಅಪ್ಪನ ಅಂಗಡಿಯ ಗೊಬ್ಬರಕ್ಕೂ ಎರಡು ಮಾತು ಚೌಕಾಸಿ ಮಾಡಿದಳು. ಏಕಾಂತಪ್ಪ ಊರೆಲ್ಲ ಹೇಳಿಕೊಂಡು ತಿರುಗಿದ. ಈಗ ಬಂತು ನೋಡಿ ಪೇಚಾಟ.

ಹಿಂದಿನ ಸಂಜೆಯೇ ತಡೆಯಲಾರದೆ ಕೇಳಿದ್ದ, ಹಕ್ಕಲಿಗೆ ಯಾರಾದರೂ ಪಾಲು ಕೇಳುತ್ತಾರೇನವ್ವಾ ಅಂತ. ಅವಳು ಸಿಟ್ಟಾಗಲಿಲ್ಲ, ನಕ್ಕಳು. "ನೆಲಕ್ಕ ಬಿದ್ದ ಒಂದು ಕಾಯಿನೂ ಬಿಡಬಾರ್ದು ಅಂತ ಕಲಿಸಿದಾವ ನೀನಾ ಅಲ್ಲನು ತಾತ?"

ಹೌದು, ಅವನೇ. ಕೂಸಿದ್ದಾಗ ಅಂಗಳದಲ್ಲಿ ಚೆಲ್ಲಿದ ಶೇಂಗಾವನ್ನು ಅವಳ ಪುಟ್ಟ ಕೈಯಿಂದಲೇ ಒಂದೊಂದಾಗಿ ಆಯಿಸಿದ್ದ. ಕೂಡಿಡುವುದನ್ನು ಬಾಯಿಬಿಟ್ಟು ಹೇಳಿಕೊಟ್ಟಿದ್ದ. ಬಿಟ್ಟುಕೊಡುವುದನ್ನು ತನ್ನನ್ನು ನೋಡಿ ತಾನೇ ಕಲಿತಾಳು ಅಂದುಕೊಂಡಿದ್ದ. ಮೊಮ್ಮಗಳ ಕೈ ಗಟ್ಟಿಯಾದದ್ದು ಸಂತೋಷವೇ, ಆದರೆ ಮನಸ್ಸೂ ಹಾಗೇ ಗಟ್ಟಿಯಾಗಿಬಿಟ್ಟರೆ?

ಈಗ ಬದುವಿನ ಮೇಲಿಂದ ದ್ಯಾಮಕ್ಕ ಮೊದಲು ಹೊಲಕ್ಕಿಳಿದಳು. ಉಳಿದವರೂ ಇಳಿದರು. ಏಕಾಂತಪ್ಪ ಚಪ್ಪಲಿ ಬಿಟ್ಟು, ಮರದ ಬುಡದಲ್ಲಿದ್ದ ಖಾಲಿ ಪುಟ್ಟಿ ಎತ್ತಿಕೊಂಡ.

"ನೀ ಎಲ್ಲಿಗೆ ತಾತ?"

"ಹಕ್ಕಲಿಗೆ. ನಾನೂ ಅರ್ಧಪಾಲಿಗೆ ಒಪ್ಪೀನಿ."

ಶಾಂಭವಿ ತಮಾಷೆ ಅಂದುಕೊಂಡಳು. ಏಕಾಂತಪ್ಪ ದ್ಯಾಮಕ್ಕನ ಪಕ್ಕದ ಸಾಲು ಹಿಡಿದು ಕೂತ. ಹುಟ್ಟಿದಾಗಿನಿಂದ ತಿರುಗಾಡಿದ ಹೊಲವೇ, ಆದರೆ ಹೀಗೆ ಕುಕ್ಕರುಗಾಲಲ್ಲಿ ಕೂತು ನೋಡಿರಲಿಲ್ಲ. ಕೆಂಪು ಮಣ್ಣು ಒಣಗಿ ಗಟ್ಟಿಯಾಗಿತ್ತು. ಹತ್ತು ಸಲ ಕೆದರಿದರೆ ಒಂದು ಕಾಯಿ, ಅದರಲ್ಲೂ ಅರ್ಧ ಜೊಳ್ಳು. ಯಜಮಾನರು ಕಲ್ಲನ್ನೂ ಕಾಯಿ ಅಂತ ಪುಟ್ಟಿಗೆ ಹಾಕುತ್ತಾರೆ ಅಂತ ಹೆಂಗಸರು ಚೇಷ್ಟೆ ಮಾಡಿದರು. ಮಧ್ಯಾಹ್ನದ ಹೊತ್ತಿಗೆ ಮಂಡಿ ಹಿಡಿದುಕೊಂಡಿತು. ಶಾಂಭವಿ ಎರಡು ಸಲ ನೀರು ತಂದುಕೊಟ್ಟು, ಸಾಕು ಏಳು ಅಂತ ಗದರಿದಳು. ಅವನು ನೀರು ಕುಡಿದ, ಏಳಲಿಲ್ಲ.

ಹೊತ್ತು ಇಳಿದಾಗ ಬೇವಿನ ಕೊಂಬೆಗೆ ತಕ್ಕಡಿ ತೂಗಿತು. ಮೊದಲು ದ್ಯಾಮಕ್ಕನ ಪುಟ್ಟಿ. ಶಾಂಭವಿ ತೂಗಿ, ಅರ್ಧ ತನ್ನ ಚೀಲಕ್ಕೆ, ಅರ್ಧ ಅವಳ ಪುಟ್ಟಿಗೆ ಹಾಕಿದಳು. ದ್ಯಾಮಕ್ಕ ಪಕ್ಕಕ್ಕೆ ಹೋಗಿ ಕೂತು ಮಂಡಿ ತಿಕ್ಕಿಕೊಳ್ಳತೊಡಗಿದಳು. ಹಾಗೇ ಉಳಿದವರದೂ ಆಯಿತು. ಕೊನೆಗೆ ಏಕಾಂತಪ್ಪ ತನ್ನ ಪುಟ್ಟಿ ಮುಂದಿಟ್ಟ. ಎಲ್ಲರಿಗಿಂತ ಕಡಿಮೆ ಅವನದೇ.

"ನಿಂದು ಬ್ಯಾಡ ಬಿಡು ತಾತ."

"ಯಾಕ ಬ್ಯಾಡ? ಎಲ್ಲಾರದೂ ತಗಂಡಿ. ನಂದೂ ತೂಗು."

"ಅಲ್ಲ, ಈ ವಯಸ್ಸಿನಾಗ ಬಿಸಿಲಾಗ ಕುಂತು, ಮಂಡಿ ನೋಯಿಸಿಕ್ಯಂಡು ಆಯ್ದಿದ್ರಾಗ..." ಅಂದವಳು ಅಲ್ಲಿಗೇ ನಿಂತಳು. ಅವಳ ಕಣ್ಣು ದ್ಯಾಮಕ್ಕನ ಕಡೆ ಹೋಗಿತ್ತು.

ಏಕಾಂತಪ್ಪ ಮತ್ತೆ ಬೇವಿನ ಮರ ನೋಡತೊಡಗಿದ, ಕೊಟ್ಟ ಮಾತು ನೆನಪಿತ್ತು. ಶಾಂಭವಿಯ ಕಿವಿ ಕೆಂಪಗಾಯಿತು. ಚೀಲವನ್ನು ಎಳೆದುಕೊಂಡು ಹೋಗಿ ದ್ಯಾಮಕ್ಕನ ಮುಂದೆ ನಿಲ್ಲಿಸಿ, ಮತ್ತೆ ತಕ್ಕಡಿ ಹಿಡಿದಳು. ಯಾರ ಪಾಲು ಎಷ್ಟೆಂದು ಅವಳ ತಲೆಯಲ್ಲೇ ಇತ್ತು. ಒಬ್ಬೊಬ್ಬರದನ್ನೂ ತೂಗಿ ತೂಗಿ ಅವರವರ ಪುಟ್ಟಿಗೇ ಸುರಿದಳು. ಚೀಲ ಬರಿದಾಯಿತು.

ಏಕಾಂತಪ್ಪನ ಜೀವ ಹಗುರವಾಯಿತು. ಹೆಗಲ ಟವೆಲ್ಲು ಹಾಸಿ ತನ್ನ ಕಾಯಿ ಸುರಿದುಕೊಳ್ಳಲು ಬಗ್ಗಿದ. ಶಾಂಭವಿ ಪುಟ್ಟಿಯ ಮೇಲೆ ಕೈ ಇಟ್ಟಳು.

"ನಿಂದು ಹಂಗಲ್ಲ. ನಿನಗ ಹೊಲ ಐತಿ. ಹೊಲ ಇದ್ದಾರು ಹಕ್ಕಲು ಆಯ್ದ್ರ ಅರ್ಧ ಕೊಡಬೇಕು."

ತಕ್ಕಡಿಯ ಮುಳ್ಳು ನೇರ ನಿಲ್ಲುವ ತನಕ ಕಾದು, ಸರಿಯಾಗಿ ಅರ್ಧ ತೂಗಿ ಚೀಲಕ್ಕೆ ಹಾಕಿಕೊಂಡು, ಉಳಿದರ್ಧ ಅವನ ಟವೆಲ್ಲಿಗೆ ಸುರಿದಳು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಏಕಾಂತಪ್ಪನಿಗೆ ನಗುವೂ ಬಂತು, ಕಣ್ಣೂ ತುಂಬಿದವು. ಇವಳ ಕೈಗೆ ಹೊಲವನ್ನೆಲ್ಲ ಕೊಡಬಹುದು ಅನ್ನಿಸಿತು.

ದ್ಯಾಮಕ್ಕ ತುಂಬಿದ ಪುಟ್ಟಿಯನ್ನು ಸೊಂಟಕ್ಕೇರಿಸಿ ಹೊರಟವಳು ಅವನ ಮುಂದೆ ನಿಂತಳು. ಟವೆಲ್ಲಿನ ಮೇಲೆ ಬಿದ್ದಿದ್ದ ಅಷ್ಟೇ ಅಷ್ಟು ಕಾಯಿ ನೋಡಿದಳು. ತನ್ನ ಪುಟ್ಟಿ ಕೆಳಗಿಳಿಸಿ, ಅದರಿಂದ ಒಂದು ಬೊಗಸೆ ತೆಗೆದಳು.

"ತಗಳ್ರಿ ಯಜಮಾನ್ರ. ನಿಮಗ ಭಾಳ ಕಡಿಮಿ ಆತು."

ಏಕಾಂತಪ್ಪ ಬೇಡ ಅನ್ನಲಿಲ್ಲ. ಎರಡೂ ಕೈಯಿಂದ ಟವೆಲ್ಲು ಅಗಲ ಮಾಡಿ ಹಿಡಿದ.