ಅಗ್ಗದ ಸೀಟು

ಕೃತಕ ಕಾಲು ಮಾಡುವುದನ್ನು ಕಲಿಸುವ ಕೋರ್ಸಿಗೆ ವರ್ಷಕ್ಕೆ ಒಂಬತ್ತು ಲಕ್ಷ, ಅಂಥವು ಮೂರು ವರ್ಷ. ಆಫೀಸು ನಡೆಸುವುದನ್ನು ಕಲಿಸುವ ಕೋರ್ಸಿಗೆ ಒಟ್ಟು ಐದೂವರೆ, ಒಂದೇ ವರ್ಷ. ವಿಮಾನದ ಟಿಕೆಟ್ಟು, ವೀಸಾ, ಅಲ್ಲಿ ರೂಮು, ಊಟ ಎಂದು ಮೊದಲ ವರ್ಷಕ್ಕೆ ಇನ್ನೊಂದು ಮೂರು ಲಕ್ಷ. ಏಜೆಂಟ್ ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಮೇಜಿನ ಆಚೆ ಕೂತಿದ್ದ ತಾಯಿ ಮಗಳ ಕಡೆಗೆ ತಿರುಗಿಸಿದ. ತಾಯಿಯ ಹತ್ತಿರ ಇದ್ದದ್ದು ಹನ್ನೊಂದು ಲಕ್ಷ. ಗಂಡ ಸತ್ತಾಗ ಬಂದದ್ದು, ಹದಿನೈದು ವರ್ಷ ಮುಟ್ಟದೆ ಇಟ್ಟದ್ದು.

ಆಕೆ ಆಸ್ಪತ್ರೆಯ ಹಿಂಭಾಗದ ವರ್ಕ್‌ಶಾಪಿನಲ್ಲಿ ಕೃತಕ ಕಾಲು ಮಾಡುವವಳು. ಎಲ್ಲರ ಬಾಯಲ್ಲೂ ಕಾಲಿನಕ್ಕ. ಮಗಳು ಹನ್ನೆರಡನೇ ವಯಸ್ಸಿನಿಂದ ಅಲ್ಲೇ ಪ್ಲಾಸ್ಟರ್ ಕಲಸುತ್ತ ಬೆಳೆದವಳು. ಅವಳ ಕೈ ತಾಯಿಯ ಕೈಗಿಂತ ಒಂದು ತೂಕ ಹೆಚ್ಚು. ಮೋಟುಗಾಲಿನ ಮೇಲೆ ಎರಡು ಬೆರಳು ಆಡಿಸಿದರೆ ಸಾಕು, ಎಲ್ಲಿ ಒತ್ತುತ್ತದೆ, ಎಲ್ಲಿ ಉಜ್ಜುತ್ತದೆ ಎಂದು ಹೇಳಿಬಿಡುತ್ತಿದ್ದಳು. "ನಿನ್ನ ಮಗಳು ಮಾಡಿದ ಕಾಲು ನನ್ನ ಹೆಂಡತಿಗಿಂತ ಚೆನ್ನಾಗಿ ಮಾತು ಕೇಳುತ್ತೆ, ಕಾಲಿನಕ್ಕ," ಎಂದು ಬಸ್ ಡ್ರೈವರೊಬ್ಬ ಹೆಂಡತಿಯ ಎದುರಿಗೇ ಹೇಳಿ ಬೈಸಿಕೊಂಡಿದ್ದ.

ಆದರೆ ಈಗ ಹೊಸ ನಿಯಮ ಬರುವುದರಲ್ಲಿತ್ತು. ಪದವಿ ಇಲ್ಲದ ಹೊಸಬರು ಇನ್ನು ಮುಂದೆ ರೋಗಿಯ ಕಾಲು ಮುಟ್ಟುವಂತಿಲ್ಲ. ಹಳಬರಿಗೆ ವಿನಾಯಿತಿ, ಮಗಳಿಗಿಲ್ಲ. ಆ ಪದವಿ ಸಿಗುವುದು ಪರದೇಶದಲ್ಲಿ ಮಾತ್ರ.

"ಆಫೀಸು ನಡೆಸೋದು ಕಲಿತು ನಾನೇನು ಮಾಡ್ಲಮ್ಮ?" ಎಂದಳು ಮಗಳು. "ಕಾಲಿನ ಕೋರ್ಸಿಗೆ ಸ್ಕಾಲರ್‌ಶಿಪ್ ಪರೀಕ್ಷೆ ಇದೆ. ಒಂದು ವರ್ಷ ಕಾದು ಬರೀತೀನಿ."

"ಬರಿಯಮ್ಮ, ಯಾರು ಬೇಡ ಅಂದ್ರು?" ಎಂದ ಏಜೆಂಟ್. "ಇನ್ನೂರು ಜನ ಬರೀತಾರೆ, ಇಬ್ಬರಿಗೆ ಸಿಗುತ್ತೆ. ಆಫೀಸಿನ ಸೀಟು ಮುಂದಿನ ತಿಂಗಳಿಗೇ ಇದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಲ್ವಾ ಅಕ್ಕಾ? ಕಾಲಿನ ವಿಷಯ ನಿಮಗೆ ನಾನು ಹೇಳಬೇಕಾ?"

ತಾಯಿಗೆ ನಗು ಬಂತು. ನಕ್ಕ ಮೇಲೆ ಗಟ್ಟಿಯಾಗಿ ಇಲ್ಲ ಎನ್ನುವುದು ಕಷ್ಟ.

ಅವಳ ಕಸುಬಿನಲ್ಲಿ ಮೊದಲ ಸಲವೇ ಸರಿಹೊಂದಿದ ಕಾಲು ಎಂಬುದು ಒಂದೂ ಇರಲಿಲ್ಲ. ಕಚ್ಚಾ ಕಾಲು ಕಟ್ಟಿ ರೋಗಿಯನ್ನು ಎರಡು ವಾರ ನಡೆಸಬೇಕು. ಚರ್ಮ ಕೆಂಪಾದ ಕಡೆ ಹೆರೆಯಬೇಕು, ಸಡಿಲವಾದ ಕಡೆ ತುಂಬಬೇಕು. ಸರಿಯಾದ ಕಾಲೇ ಬೇಕು ಎಂದು ಕಾದು ಕೂತವರು ಕೂತೇ ಇರುತ್ತಾರೆ. ಇದು ಅವಳ ಇಪ್ಪತ್ತೆರಡು ವರ್ಷದ ಅನುಭವ.

"ಮೊದಲು ಹೋಗಿ ಅಲ್ಲಿ ನಿಲ್ಲು ಪುಟ್ಟಿ," ಎಂದಳು. "ಆಮೇಲೆ ಅಲ್ಲೇ ದುಡಿಯುತ್ತ ಕೋರ್ಸು ಬದಲಾಯಿಸಿಕೊಂಡರಾಯ್ತು. ಆಗುತ್ತೆ ತಾನೆ ಸಾರ್?"

"ಎಲ್ಲ ಆಗುತ್ತೆ ಅಕ್ಕಾ," ಎಂದ ಏಜೆಂಟ್, ಸಹಿ ಮಾಡಬೇಕಾದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕುತ್ತ.

ಪ್ಲಾಸ್ಟರ್ ಮಾರುವವನಿಗೆ ಒಂದು ಚೀಲಕ್ಕೆ ಹತ್ತು ಪ್ರಶ್ನೆ ಕೇಳುವ ಹೆಂಗಸು ಇಲ್ಲಿ ಎರಡನೇ ಪ್ರಶ್ನೆ ಕೇಳಲಿಲ್ಲ.

ಹೋಗಿ ಮೂರು ವಾರಕ್ಕೆ ಮಗಳ ಫೋನು ಬಂತು. "ಅಮ್ಮ, ಕಾಲೇಜಿನ ಆಫೀಸಿನಲ್ಲಿ ಕೇಳಿದೆ. ವೀಸಾ ಕೊಟ್ಟಿರೋದು ಈ ಕೋರ್ಸಿಗೆ ಮಾತ್ರ ಅಂತೆ. ಬೇರೆದಕ್ಕೆ ಸೇರಬೇಕು ಅಂದ್ರೆ ದೇಶ ಬಿಟ್ಟು ಹೋಗಿ ಮೊದಲಿಂದ ಅರ್ಜಿ ಹಾಕಬೇಕಂತೆ."

"ಅವರಿಗೆ ಬಿಡಿಸಿ ಹೇಳೇ. ನೀನು ಮಾಡಿದ ಕಾಲಿನ ಫೋಟೋ ತೋರಿಸು."

"ತೋರಿಸಿದೆ. ಚೆನ್ನಾಗಿದೆ ಅಂದ್ರು. ಆಮೇಲೆ ಹಿಂದೆ ನಿಂತವರನ್ನ ಕರೆದ್ರು."

ಕಟ್ಟಿದ ಶುಲ್ಕ ವಾಪಸ್ ಬರುವುದಿಲ್ಲವೆಂದು ಗೊತ್ತಾಗಿ, ಹುಡುಗಿ ಆ ವರ್ಷ ಕಡತ ಜೋಡಿಸುವುದನ್ನೂ ಸಭೆಗೆ ಕುರ್ಚಿ ಹಾಕಿಸುವುದನ್ನೂ ಕಲಿತಳು. ಊರಿಗೆ ಬಂದು ಸ್ಕಾಲರ್‌ಶಿಪ್ಪಿನ ಅರ್ಜಿ ತರಿಸಿದಳು. ಅದರ ಎರಡನೇ ಪುಟದಲ್ಲಿ ಒಂದು ಸಾಲು: ಹೊರದೇಶದಲ್ಲಿ ಈಗಾಗಲೇ ಒಂದು ಕೋರ್ಸು ಮಾಡಿದವರು ಅರ್ಜಿ ಹಾಕುವಂತಿಲ್ಲ. ತಾಯಿ ಅದನ್ನು ಮೂರು ಸಲ ಓದಿಸಿ ಕೇಳಿದಳು. ಹೆರೆಯುವುದಕ್ಕೂ ತುಂಬುವುದಕ್ಕೂ ಅಲ್ಲಿ ಜಾಗವಿರಲಿಲ್ಲ.

"ಬೈಯೇ," ಎಂದಳು. "ಒಂದು ಮಾತಾದರೂ ಬೈಯಿ."

"ಸುಮ್ಮನಿರಮ್ಮ. ಸಹಿ ನಾನೂ ಹಾಕಿದ್ದೆ."

ಅಷ್ಟರಲ್ಲಿ ಹೊಸ ನಿಯಮ ಜಾರಿಯಾಗಿತ್ತು. ಆಸ್ಪತ್ರೆಯವರು ಕಾಲಿನಕ್ಕನ ಮುಖ ನೋಡಿ ಮಗಳನ್ನು ವರ್ಕ್‌ಶಾಪಿನ ಬಾಗಿಲ ಬಳಿಯ ಕೌಂಟರಿನಲ್ಲಿ ಕೂರಿಸಿದರು. ಮೊದಲ ದಿನವೇ ಒಬ್ಬಳು ಮುದುಕಿ ಕುಂಟುತ್ತ ಬಂದು, ಕಾಲು ಬಿಚ್ಚಿ ಕೌಂಟರಿನ ಮೇಲಿಟ್ಟು, "ಇಲ್ಲಿ ಕಚ್ಚುತ್ತೆ ನೋಡವ್ವಾ," ಎಂದಳು. ಹುಡುಗಿಯ ಕೈ ಮುಂದೆ ಬಂತು. ಮೇಲೆ ಗೋಡೆಗೆ ಅಂಟಿಸಿದ ನಿಯಮದ ಹಾಳೆ ಇತ್ತು. ಕೈ ಹಿಂದೆಗೆದುಕೊಂಡು, "ಒಳಗೆ ಅಮ್ಮ ಇದ್ದಾರೆ, ಅವರಿಗೆ ತೋರಿಸಿ ಅಜ್ಜಿ," ಎಂದು ಟೋಕನ್ ಬರೆದುಕೊಟ್ಟಳು.

ಹೋದದ್ದು ಎಂಟೂವರೆ ಲಕ್ಷ, ಒಂದು ವರ್ಷ, ಮತ್ತು ಪರೀಕ್ಷೆಯ ಒಂದೇ ಒಂದು ಅವಕಾಶ. ಬಂದದ್ದು ಟೋಕನ್ ಬರೆಯುವ ಕೆಲಸ; ಅದಕ್ಕೆ ಹತ್ತನೇ ತರಗತಿ ಸಾಕಿತ್ತು.