ಸೇನಾಪತಿ ಝೋರಾನ ಕಣ್ಣೀರು

ಕೂಡ್ಲಿಗಿ ಬಸ್‌ಸ್ಟ್ಯಾಂಡಿನ ಹಿಂದೆ ನಬೀಸಾಬನ ಟಿ.ವಿ. ರಿಪೇರಿ ಅಂಗಡಿ. ಭಾನುವಾರ ಬೆಳಿಗ್ಗೆ ಅಲ್ಲಿ ರಿಪೇರಿ ನಡೆಯುತ್ತಿರಲಿಲ್ಲ, ಜಗಳ ನಡೆಯುತ್ತಿತ್ತು. ಆ ವರ್ಷ ‘ತಾರಾಲೋಕದ ಅತಿಥಿ’ ಎಂಬ ಧಾರಾವಾಹಿ ಬರುತ್ತಿತ್ತು. ಬೇರೆ ಗ್ರಹದಿಂದ ಇಳಿದ ಸೇನಾಪತಿ ಝೋರಾ ಅದರ ನಾಯಕ. ಆ ಪಾತ್ರ ಮಾಡುತ್ತಿದ್ದವನು ಇದೇ ತಾಲ್ಲೂಕಿನ ಗುಡೇಕೋಟೆಯ ಮರುಳಪ್ಪ. ಬೆಂಗಳೂರು ಸೇರಿದ ಮೇಲೆ ಮಯೂಖ್ ಆಗಿದ್ದ. ನಮ್ಮವನು ಟಿ.ವಿ.ಯಲ್ಲಿ ಬರುತ್ತಾನೆಂದು ಊರಿಗೆಲ್ಲ ಹಿಗ್ಗು. ಅವನು ಒಳ್ಳೆಯ ನಟನೋ ಅಲ್ಲವೋ ಎಂಬುದರಲ್ಲಿ ಮಾತ್ರ ಊರು ಎರಡಾಗಿತ್ತು.

ಝೋರಾ ರೆಪ್ಪೆ ಬಡಿಯುವುದಿಲ್ಲ, ನಗುವುದಿಲ್ಲ, ಅಳುವುದಿಲ್ಲ. ತನ್ನ ಗ್ರಹವೇ ಸುಟ್ಟುಹೋದ ಸುದ್ದಿ ಬಂದಾಗಲೂ ಟೋಪಿ ಸರಿಮಾಡಿಕೊಂಡು ಸುಮ್ಮನೆ ನಿಂತ. ಆ ಭಾನುವಾರ ಅಂಗಡಿಯಲ್ಲಿ ಕೂಗಾಟವೇ ಆಯಿತು. ಎಸ್‌ಟಿಡಿ ಬೂತಿನ ಪ್ರವೀಣಕುಮಾರ್ ಮಯೂಖ್ ಅಭಿಮಾನಿ ಸಂಘದ ಅಧ್ಯಕ್ಷ. ಮುಖದಲ್ಲಿ ಏನನ್ನೂ ತೋರಿಸದೆ ಒಳಗಿನ ಸಂಕಟ ತಿಳಿಸುವುದೇ ದೊಡ್ಡ ನಟನೆ ಎಂದು ಅವನ ವಾದ. ನಬೀಸಾಬ್ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

“ಅಳಾಕ ಬರದಾವಗ ಇದಕ್ಕಿಂತ ಚಲೋ ಪಾರ್ಟು ಎಲ್ಲಿ ಸಿಗತೈತಿ? ನನ್ನ ಅಂಗಡ್ಯಾಗ ಕೆಟ್ಟು ಕುಂತ ಟಿ.ವಿ.ಗಳೂ ಹಂಗ ಅದಾವ. ಮುಖದಾಗ ಏನೂ ತೋರ್ಸಂಗಿಲ್ಲ.”

“ಸಾಬ್ರ, ಅವ್ರು ಬ್ಯಾರೆ ಗ್ರಹದವ್ರು. ಅಲ್ಲಿ ಕಣ್ಣೀರಿಲ್ಲ.”

“ಗುಡೇಕೋಟ್ಯಾಗ ಐತಲ್ಲಪ್ಪ.”

ರಿಪೇರಿಗೆ ಕೊಟ್ಟ ಟೇಪ್‌ರೆಕಾರ್ಡರ್ ಒಯ್ಯಲು ಬಂದ ಮೈಲಮ್ಮ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳುತ್ತಿದ್ದಳು. ಅವಳು ನಾಟಕದ ಕಲಾವಿದೆ. ಹಳ್ಳಿಯ ಹುಡುಗರು ಸೇರಿ ನಾಟಕ ಆಡುವಾಗ ಹೆಣ್ಣಿನ ಪಾತ್ರಕ್ಕೆ ಕರೆಯುವುದು ಇಂಥವರನ್ನೇ. ಒಂದು ಕಾಲಕ್ಕೆ ಹರಪನಹಳ್ಳಿಯಿಂದ ಹಡಗಲಿವರೆಗೆ ನಾಯಕಿ ಎಂದರೆ ಮೈಲಮ್ಮ. ಆಮೇಲೆ ಕೋಗಳಿಯಲ್ಲೊಂದು ನಾಟಕ ನಿಗದಿಯಾಯಿತು. ನಾಯಕ ಮರುಳಪ್ಪ, ಆಗಿನ್ನೂ ಮಯೂಖ್ ಆಗಿರಲಿಲ್ಲ. ತಾಲೀಮಿನಲ್ಲಿ, ಊರ ಜನ ಸುತ್ತ ಕೂತಿರುವಾಗಲೇ, ಈಯಮ್ಮನ ಕೈ ಹಿಡಿದರೆ ನಮ್ಮವ್ವನ ಕೈ ಹಿಡಿದಂಗಾಗತೈತಿ, ಬೇರೆ ಯಾರನ್ನಾದರೂ ಕರೆಸ್ರಿ ಎಂದು ಅವನು ಹಾರ್ಮೋನಿಯಂ ಮಾಸ್ತರಿಗೆ ಹೇಳಿದ. ಜನ ಬಿದ್ದು ಬಿದ್ದು ನಕ್ಕರು. ವಯಸ್ಸಿನಲ್ಲಿ ಅವಳಿಗಿಂತ ಅವನೇ ದೊಡ್ಡವನು. ಅದನ್ನು ಯಾರೂ ಕೇಳಲಿಲ್ಲ. ಅವಳ ತಲೆಗೆ ಬಿಳಿ ಪೌಡರ್ ಬಳಿದು ತಾಯಿಯ ಪಾತ್ರ ಕೊಟ್ಟರು. ಮಾತು ಊರಿಂದೂರಿಗೆ ಹೋಯಿತು. ಮೂವತ್ತು ತುಂಬುವ ಮೊದಲೇ ಮೈಲಮ್ಮ ಎಲ್ಲರ ತಾಯಿಯಾದಳು. ಆ ನಗುವನ್ನು ಅವಳು ಮರೆತಿರಲಿಲ್ಲ. ಮರೆಯಲು ಪ್ರಯತ್ನವನ್ನೂ ಮಾಡಿರಲಿಲ್ಲ.

“ತಮ್ಮಾ ಪ್ರವೀಣ,” ಎಂದಳು, “ಇಲ್ಲಿ ಕುಂತು ಬಡದಾಡಿದ್ರ ಇದು ತೀರಂಗಿಲ್ಲ. ಅವರನ್ನ ಕರಿಸಿ ಒಂದು ನಾಟಕ ಮಾಡಸ್ರಿ. ತಾಯಿ ಸಾಯೋ ಸೀನು ಇರಾದು. ಅಳ್ತಾರೋ ಇಲ್ಲೋ ಊರೇ ನೋಡತೈತಿ.”

ಪ್ರವೀಣಕುಮಾರನಿಗೆ ವಾದ ಗೆಲ್ಲುವ ದಾರಿ ಕಂಡಿತು. ಸಂಘದ ವಾರ್ಷಿಕೋತ್ಸವಕ್ಕೆ ನಾಟಕ ನಿಗದಿಯಾಯಿತು. ತಾಯಿಯ ಪಾತ್ರ ಯಾರಿಗೆಂದು ಯಾರೂ ಕೇಳಬೇಕಾಗಿರಲಿಲ್ಲ.

ಮಯೂಖ್ ಕಾರಿನಲ್ಲಿ ಬಂದಿಳಿದ. ಬಣ್ಣದ ಕೋಣೆಯಲ್ಲಿ ತಲೆಗೆ ಪೌಡರ್ ಬಳಿದುಕೊಂಡು ಕೂತಿದ್ದ ಮೈಲಮ್ಮನ ಗುರುತು ಅವನಿಗೆ ಹತ್ತಲಿಲ್ಲ. ಫೋಟೋದವನು ಎದುರಿಗಿದ್ದುದರಿಂದ ಬಗ್ಗಿ ಅವಳ ಕಾಲು ಮುಟ್ಟಿದ. “ಅಮ್ಮಾ, ಆಶೀರ್ವಾದ ಮಾಡಿ.” ಅವಳು ಅವನ ತಲೆ ಸವರಿದಳು. ಅವನ ಕೂದಲ ಬಣ್ಣ ಅವಳ ಬೆರಳಿಗೆ ಹತ್ತಿತು. ಆಮೇಲೆ ಅವನು ಕನ್ನಡಿಯ ಮುಂದೆ ಕೂತು, ಸಣ್ಣ ಸೀಸೆಯ ಗ್ಲಿಸರಿನ್ನನ್ನು ಕರ್ಚೀಫಿಗೆ ಹನಿಸಿಕೊಂಡು ಜೇಬಿಗಿಟ್ಟಿದ್ದನ್ನು ಅವಳು ನೋಡಿದಳು. ನೋಡಿ, ಎಲೆ ಅಡಿಕೆ ಹಾಕಿಕೊಂಡಳು.

ಸಂಜೆ ಹೈಸ್ಕೂಲ್ ಮೈದಾನ ತುಂಬಿತ್ತು. ಮೊದಲ ಅಂಕದಲ್ಲಿ ಮಯೂಖ್ ಬಂದು ನಿಂತದ್ದಕ್ಕೇ ಶಿಳ್ಳೆ. ಹೊಡೆದಾಟ ಇತ್ತು, ಹಾಡು ಇತ್ತು, ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ನಡೆಯಿತು. ಕೊನೆಗೆ ತಾಯಿ ಮಗನ ತೊಡೆಯ ಮೇಲೆ ತಲೆಯಿಟ್ಟು ಮಲಗುವ ದೃಶ್ಯ ಬಂತು.

ಮಗ ಜೇಬಿನಿಂದ ಕರ್ಚೀಫು ತೆಗೆದ. ಅದು ಕಣ್ಣಿಗೆ ಮುಟ್ಟುವ ಮೊದಲೇ ತಾಯಿ ಕೈ ಚಾಚಿದಳು. ಬೆವರು ಬಂದೈತಿ ಮಗನೇ, ಅದನ್ನು ಕೊಡು ಎಂದಳು. ಸಾಯುತ್ತಿರುವ ತಾಯಿ ಕೇಳಿದರೆ ಸಾವಿರಾರು ಜನರೆದುರು ಇಲ್ಲ ಎನ್ನುವುದು ಹೇಗೆ? ಕೊಟ್ಟ. ಅವಳು ಹಣೆ ಒರೆಸಿಕೊಂಡು ಅದನ್ನು ಸೊಂಟಕ್ಕೆ ಸಿಗಿಸಿದಳು. ಆಮೇಲೆ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ದೀಪದ ಕಡೆಗೆ ತಿರುಗಿಸಿದಳು. ಆಗ ಅವಳು ಆಡಿದ ಮಾತು ನಾಟಕದ ಪುಸ್ತಕದಲ್ಲಿ ಇರಲಿಲ್ಲ.

“ಮಗನೇ, ನನ್ನ ಸಲುವಾಗಿ ಒಂದು ಹನಿ ಕಣ್ಣೀರು ಹಾಕು. ಅದನ್ನ ನೋಡೇ ಪ್ರಾಣ ಬಿಡ್ತೀನಿ.”

ಎಂದವಳು ಪ್ರಾಣ ಬಿಡದೆ ಕಾದಳು. ಹಾರ್ಮೋನಿಯಂ ಸುಮ್ಮನಾಯಿತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಮಗನ ಕಣ್ಣನ್ನೇ ನೋಡಿದರು. ಮಯೂಖ್ ತುಟಿ ನಡುಗಿಸಿದ, ಮೂಗು ಎಳೆದ, ರೆಪ್ಪೆ ಬಿಗಿದ. ಏನೂ ಬರಲಿಲ್ಲ. ತಾಯಿ ಸಾಯಲಿಲ್ಲ. ಮೈದಾನದ ಹಿಂದಿನಿಂದ ಯಾರೋ, ಸಾರ್, ಆಯಮ್ಮಗ ಹೊತ್ತಾಗಾಕತ್ತೈತಿ, ಅತ್ತು ಕಳಸ್ರಿ ಎಂದರು. ನಗು ಅಲ್ಲಲ್ಲಿ ಹತ್ತಿಕೊಂಡಿತು. ಬೆವರುತ್ತಿದ್ದ ಮಯೂಖ್, ಎದುರಿಗೆ ಕ್ಯಾಮೆರಾ ಇದೆ ಎಂದುಕೊಂಡನೋ ಏನೋ, ಕೈಯೆತ್ತಿದ.

“ಕಟ್. ಕಟ್.”

ಮೇಲೆ ತೂಗುಹಾಕಿದ್ದ ಮೈಕು ಅದನ್ನು ಮೈದಾನಕ್ಕೆಲ್ಲ ಹಂಚಿತು. ಆಗ ಎದ್ದ ನಗೆಯನ್ನು ಮೈಲಮ್ಮ ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿಸಿಕೊಂಡಳು. ಎಲ್ಲ ಕೇಳಿದ ಮೇಲೆ ತಲೆ ವಾಲಿಸಿ ಚೆಂದವಾಗಿ ಸತ್ತಳು. ಒನ್ಸ್ ಮೋರ್ ಎಂಬ ಕೂಗು ಎದ್ದಿತು. ಹಾಗೆ ಕೂಗಿದರೆ ಸತ್ತವರೂ ಎದ್ದು ಮತ್ತೆ ಸಾಯಬೇಕು, ಅದು ನಾಟಕದವರ ಮರ್ಯಾದೆ. ಅವಳು ಎದ್ದು ಕೈಮುಗಿದು ನಿಂತಳು. ಮಗ ಮಾತ್ರ ಪರದೆಯ ಹಿಂದೆ ಹೋಗಿಬಿಟ್ಟಿದ್ದ.

ಅವಳು ತಲೆ ತೊಳೆದುಕೊಳ್ಳುತ್ತಿದ್ದಾಗ ಅವನು ಬಂದ. ಪುಸ್ತಕದಲ್ಲಿ ಇಲ್ಲದ ಮಾತು ಯಾಕೆ ಆಡಿದಿರಿ ಎಂದು ರೇಗಿದ.

“ಕೋಗಳಿ ತಾಲೀಮಿನಾಗ ನೀವು ಆಡಿದ ಮಾತು ಯಾವ ಪುಸ್ತಕದಾಗಿತ್ತು, ಮರುಳಪ್ಪ?”

ನೀರಿಳಿದು ಕಪ್ಪಾಗುತ್ತಿದ್ದ ಕೂದಲನ್ನು ಅವನು ನೋಡುತ್ತ ನಿಂತ. ಗುರುತು ಆಗ ಹತ್ತಿತು. “ಮೈಲಮ್ಮ, ಅದು ತಮಾಷೆಗೆ ಅಂದಿದ್ದು.”

“ನಂದೂ ತಮಾಷಿನೇ.”

ಅವಳು ಟವೆಲ್ ತೆಗೆದುಕೊಂಡಳು. ಅವನು ಇನ್ನೂ ಏನೋ ಹೇಳುವವನಿದ್ದ, ಅವಳು ಕೇಳಲಿಲ್ಲ.

ಮುಂದಿನ ಭಾನುವಾರ ನಬೀಸಾಬನ ಅಂಗಡಿಯಲ್ಲಿ ಪ್ರವೀಣಕುಮಾರ್ ಒಬ್ಬನೇ ವಾದಿಸಿದ. ಬೇರೆ ಗ್ರಹದ ಪಾತ್ರದಿಂದ ಹೊರಬರಲಾಗದಷ್ಟು ಅವರು ಅದರಲ್ಲಿ ಮುಳುಗಿದ್ದಾರೆ ಎಂದ. ನಬೀಸಾಬ್ ಅವನಿಗೆ ಚಹಾ ತರಿಸಿಕೊಟ್ಟ. ಸೋತವನ ಮೇಲೆ ಅವನಿಗೆ ಕರುಣೆ ಇತ್ತು.

ಮೈಲಮ್ಮನಿಗೆ ಇರಲಿಲ್ಲ. ಹಡಗಲಿ ಕಡೆಯ ಹುಡುಗರು ಅವಳ ಮನೆಗೆ ಬಂದರು. ನಾಯಕಿಯ ಪಾತ್ರಕ್ಕಲ್ಲ, ಅದನ್ನು ಇನ್ನು ಯಾರೂ ಕೇಳುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಅವರಿಗೆ ಬೇಕಾಗಿದ್ದುದು ಅದೇ ಸಾವು. ಮಗನ ಪಾತ್ರಕ್ಕೆ ಮಯೂಖನೇ ಬೇಕು ಎಂದಳು. ಅವರು ಬರಲಿಕ್ಕಿಲ್ಲ ಎಂದು ಹುಡುಗರು ತಡವರಿಸಿದರು.

“ಮೊದಲು ಹೋಗಿ ಕೇಳ್ರಿ. ಬರಂಗಿಲ್ಲ ಅಂದ್ರ, ನಾಟಕ ಸುರುವಾಗಾಕಿಂತ ಮೊದ್ಲ, ಕರದ್ವಿ, ಬರಲಿಲ್ಲ ಅಂತ ಅವರ ಹೆಸರು ಹಿಡದು ಮೈಕಿನಾಗ ಹೇಳ್ಬೇಕು. ಗುಡೇಕೋಟೆ ಮರುಳಪ್ಪ ಅಂತನೇ ಹೇಳ್ಬೇಕು. ಹಂಗಿದ್ರ ನಾ ಬರ್ತೀನಿ.”

ಹಡಗಲಿಯವರು ಒಪ್ಪಿದರು. ಆಮೇಲೆ ಕೊಟ್ಟೂರಿನವರೂ, ಹರಪನಹಳ್ಳಿಯವರೂ ಒಪ್ಪಿದರು.